ಮಳೆಗಾಲದಲ್ಲಿ ಬಲೆಗೆ ವಿರಾಮ
(ಕಿರು ಕ್ರೈಸ್ತ ಸಮುದಾಯಗಳ ಕೂಟಕ್ಕಾಗಿ ಅಧ್ಯಯನ ಲೇಖನ)



ಜೂನ್ ಹತ್ತು ದಾಟಿದರೆ ಸಾಕು, ನಮ್ಮ ಧರ್ಮಕೇಂದ್ರದ ಮನೆಮನೆಯಲ್ಲೂ ಒಂದೇ ದೂರು: "ಬೋಟ್ ಬಂದ್, ಮೀನಿಗೆ ಕೈ ಹಾಕುವ ಹಾಗಿಲ್ಲ." ಕಳೆದ ಮಳೆಗಾಲದಲ್ಲಿ ನಮ್ಮ ದಾರಿಗೆ ಬರುವ ಮೀನಿನ ಅಕ್ಕನ ಬುಟ್ಟಿಯಲ್ಲಿ ಬೂತಾಯಿ ಇತ್ತು. ಆದರೆ ಒಂದೊಂದೂ ನನ್ನ ಕಿರುಬೆರಳಿನಷ್ಟೇ. "ಇಷ್ಟು ಸಣ್ಣದು ಯಾಕಕ್ಕಾ?" ಎಂದು ಕೇಳಿದೆ. "ಸಣ್ಣದಿರುವಾಗಲೇ ಹಿಡಿದರೆ ದೊಡ್ಡದು ಎಲ್ಲಿಂದ ಬರಬೇಕು ಮಾಸ್ಟ್ರೇ?" ಎಂದರು. ಉತ್ತರ ಹೊಳೆಯಲಿಲ್ಲ. ಮೀನನ್ನು ಮಾತ್ರ ತೆಗೆದುಕೊಂಡೆ, ಮನೆಯಲ್ಲಿ ಹುರಿದು ತಿಂದೆವು.

ಆ ಅಕ್ಕನ ಮಾತಿನಿಂದಲೇ ಈ ತಿಂಗಳ ಅಧ್ಯಯನಕ್ಕೆ ವಿಷಯ ಸಿಕ್ಕಿತು. ಮಳೆಗಾಲದ ಟ್ರಾಲಿಂಗ್ ನಿಷೇಧ ಎಂದರೆ ಏನು, ಅದು ಹೇಗೆ ಬಂತು, ಬಂದ ಮೇಲೂ ಮೀನು ಯಾಕೆ ಸಣ್ಣದಾಯಿತು ಎಂಬುದನ್ನು ನೋಡೋಣ. ನಮ್ಮಲ್ಲಿ ಹೆಚ್ಚಿನವರು ಅಡಿಕೆ, ತೆಂಗು, ರಬ್ಬರ್ ನಂಬಿದವರು; ಕಡಲಿಗೆ ಹೋಗುವವರು ಕಡಿಮೆ. ಕಡಲಿನ ಕಾನೂನಿನ ಸುದ್ದಿ ನಮಗೆ ಬರುವುದು ಮಲಯಾಳ ಪತ್ರಿಕೆಯ ಮೂಲಕ, ಇಲ್ಲವೇ ಗಡಿಯಾಚೆಯ ಮಂಗಳೂರಿನ ಪತ್ರಿಕೆಯ ಮೂಲಕ. ಎರಡರಲ್ಲೂ ದಿನಾಂಕ ಬೇರೆ ಬೇರೆ ಇರುವುದರಿಂದ ಗೊಂದಲವಾಗುವುದು ಸಹಜ. ಮೊದಲು ಅದನ್ನೇ ಬಿಡಿಸಿಕೊಳ್ಳೋಣ.

ತೀರದಿಂದ 12 ನಾಟಿಕಲ್ ಮೈಲಿಯವರೆಗೆ, ಅಂದರೆ ಸುಮಾರು 22 ಕಿ.ಮೀ. ತನಕ, ಮೀನುಗಾರಿಕೆ ರಾಜ್ಯ ಸರ್ಕಾರದ ಅಧಿಕಾರಕ್ಕೆ ಸೇರಿದ್ದು. ಅಲ್ಲಿಂದಾಚೆ 200 ನಾಟಿಕಲ್ ಮೈಲಿಯವರೆಗೆ ಕೇಂದ್ರದ್ದು. ಸಂವಿಧಾನವೇ ಹೀಗೆ ಹಂಚಿದೆ. ಕೇಂದ್ರದ ಆದೇಶದಂತೆ ಪಶ್ಚಿಮ ಕರಾವಳಿಯ ಹೊರಗಡಲಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಕರ್ನಾಟಕವೂ ತನ್ನ ಕಡಲಿನಲ್ಲಿ ಅದೇ 61 ದಿನವನ್ನು ಪಾಲಿಸುತ್ತದೆ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರ ಮಧ್ಯರಾತ್ರಿಯವರೆಗೆ 52 ದಿನ. 2018ಕ್ಕೆ ಮೊದಲು ಅದು 47 ದಿನವಾಗಿತ್ತು. ಹೀಗಾಗಿ ಜೂನ್ ಮೊದಲ ವಾರದಲ್ಲಿ ತಲಪಾಡಿಯಿಂದ ಆಚೆ ಬೋಟು ಕಟ್ಟಿರುತ್ತದೆ, ಈಚೆ ಓಡುತ್ತಿರುತ್ತದೆ. ತಲಪಾಡಿಯ ಗೇಟು ಮನುಷ್ಯರಿಗೆ. ಬಂಗುಡೆಯ ಹಿಂಡಿಗೆ ಅದರ ಸುದ್ದಿಯೇ ಇಲ್ಲ.

ಮಳೆಗಾಲವೇ ಯಾಕೆ? ನೈರುತ್ಯ ಮಾರುತ ಬೀಸುವಾಗ ನಮ್ಮ ಕರಾವಳಿಯ ಮೇಲ್ಪದರದ ಬಿಸಿನೀರು ದೂರ ಸರಿಯುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಮೇಲೇಳುತ್ತದೆ. ಅದರ ಜೊತೆಗೆ ತಳದಲ್ಲಿದ್ದ ಸತ್ವವೆಲ್ಲ ಮೇಲೆ ಬರುತ್ತದೆ. ಬಿಸಿಲು ತಾಗಿದೊಡನೆ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಬೂತಾಯಿಗೆ ಅದೇ ಮೇವು. ಅದು ಮೊಟ್ಟೆಯಿಡುವ ಮುಖ್ಯ ಕಾಲವೂ ಇದೇ. ಗದ್ದೆಗೆ ಗೊಬ್ಬರ ಬಿದ್ದು ಪೈರು ಏಳುವ ಹೊತ್ತು ಎಂದು ತಿಳಿಯಿರಿ. ಆ ಹೊತ್ತಿನಲ್ಲಿ ಗದ್ದೆಗೆ ದನ ಬಿಡುವವರು ಯಾರೂ ಇಲ್ಲ.

ಟ್ರಾಲ್ ಬಲೆ ಎಂದರೆ ಬಾಯಿ ಅಗಲವಾದ ಒಂದು ದೊಡ್ಡ ಚೀಲ. ಎರಡು ಭಾರದ ಹಲಗೆಗಳು ಅದರ ಬಾಯಿಯನ್ನು ತೆರೆದಿಡುತ್ತವೆ. ಬೋಟು ಅದನ್ನು ಕಡಲ ತಳದಲ್ಲಿ ಎಳೆದುಕೊಂಡು ಹೋಗುತ್ತದೆ. ಬೇಕಾದದ್ದು ಸಿಗಡಿ, ಆದರೆ ದಾರಿಯಲ್ಲಿ ಸಿಕ್ಕಿದ್ದೆಲ್ಲ ಚೀಲಕ್ಕೆ. ಬಲೆಯ ಕಣ್ಣು ದೊಡ್ಡದಿದ್ದರೆ ಸಣ್ಣ ಮೀನು ತಪ್ಪಿಸಿಕೊಳ್ಳಬಹುದಲ್ಲ ಎಂದು ಕೇಳಬಹುದು. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ಬಲೆಯ ಕಣ್ಣು ವಜ್ರದ ಆಕಾರದ್ದು. ಎಳೆತ ಜೋರಾದಾಗ ಅದು ಉದ್ದಕ್ಕೆ ಜಗ್ಗಿ ಮುಚ್ಚಿಹೋಗುತ್ತದೆ. ಅದಕ್ಕೇ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಚೀಲದ ತುದಿಗೆ ಚೌಕ ಕಣ್ಣಿನ ಬಲೆ ಹಾಕಿ ಎನ್ನುತ್ತಾರೆ. ಚೌಕ ಕಣ್ಣು ಎಳೆದರೂ ತೆರೆದೇ ಇರುತ್ತದೆ. ಕೇಳಲು ಸಣ್ಣ ಸಂಗತಿ, ಮರಿಮೀನಿಗೆ ಮಾತ್ರ ಅದೇ ಬಾಗಿಲು.

ಈ ಟ್ರಾಲ್ ಬಲೆ ನಮ್ಮ ಕಡಲಿಗೆ ಹಿಂದಿನಿಂದ ಇದ್ದದ್ದಲ್ಲ. 1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಮರುವರ್ಷ ಕೊಲ್ಲಂ ಹತ್ತಿರದ ನೀಂಡಕರ, ಶಕ್ತಿಕುಳಂಗರಗಳಲ್ಲಿ ಕೆಲಸ ಶುರುವಾಯಿತು. ಉದ್ದೇಶ ಒಳ್ಳೆಯದೇ: ಬಡ ಮೀನುಗಾರರ ಜೀವನ ಸುಧಾರಿಸಬೇಕು, ದೋಣಿಗೆ ಯಂತ್ರ ಬರಬೇಕು, ಆಸ್ಪತ್ರೆ, ಕುಡಿಯುವ ನೀರು ಬೇಕು. ಆದರೆ 1960ರ ದಶಕದಲ್ಲಿ ಅಮೆರಿಕ, ಜಪಾನುಗಳಲ್ಲಿ ಸಿಗಡಿಗೆ ಬೆಲೆ ಏರಿತು. ಮೀನುಗಾರರಲ್ಲದವರೂ ಬೋಟಿಗೆ ಹಣ ಹಾಕಿದರು. ಸಿಗಡಿ ತೀರದ ಹತ್ತಿರದ ಕೆಸರಿನಲ್ಲಿ ಇರುವಂಥದ್ದು. ಆದ್ದರಿಂದ ಟ್ರಾಲ್ ಬೋಟುಗಳು ಆಳಕಡಲಿಗೆ ಹೋಗದೆ, ಮರದ ದೋಣಿಯವರು ಅಜ್ಜನ ಕಾಲದಿಂದ ಬಲೆ ಬೀಸುತ್ತಿದ್ದ ನೀರಿಗೇ ಬಂದವು. ರಾತ್ರಿ ಬಿಟ್ಟ ಬಲೆ ಬೆಳಗ್ಗೆ ಹರಿದು ಚಿಂದಿಯಾಗಿರುತ್ತಿತ್ತು. ಕಡಲಲ್ಲಿ ಹೊಡೆದಾಟವಾಯಿತು, ಬೋಟುಗಳಿಗೆ ಬೆಂಕಿ ಬಿತ್ತು, ಜೀವಗಳೂ ಹೋದವು.

ಗಡಿಯ ಉತ್ತರಕ್ಕೂ ಇದೇ ಕಥೆ, ಬಲೆಯ ಹೆಸರು ಮಾತ್ರ ಬೇರೆ. ಮಂಗಳೂರು, ಉಡುಪಿ ಕಡೆಯಲ್ಲಿ ರಂಪಣಿ ಇತ್ತು. ಊರಿನ ಹತ್ತಾರು ಮನೆಯವರು ಪಾಲುದಾರರಾಗಿ, ದೊಡ್ಡ ಬಲೆಯನ್ನು ದೋಣಿಯಲ್ಲಿ ಒಯ್ದು ಬಳಸಿಬಿಟ್ಟು, ದಡದಿಂದ ಎರಡು ಸಾಲಾಗಿ ನಿಂತು ಎಳೆಯುತ್ತಿದ್ದರು. ನಮ್ಮ ಹಿರಿಯರಲ್ಲಿ ಕೆಲವರಿಗೆ ಇದರ ನೆನಪಿದೆ. ಮೀನು ದಡಕ್ಕೆ ಬರುವವರೆಗೆ ಕಾಯುವುದೇ ಅದರ ಕ್ರಮ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದು, ಮೀನು ದಡ ಸೇರುವ ಮೊದಲೇ ಕಡಲಲ್ಲೇ ಸುತ್ತುಗಟ್ಟಿ ಎತ್ತತೊಡಗಿದವು. ಕೆಲವೇ ವರ್ಷಗಳಲ್ಲಿ ರಂಪಣಿ ಕಣ್ಮರೆಯಾಯಿತು.

ಕೇರಳದಲ್ಲಿ ಮಾತ್ರ ಜನ ಸುಮ್ಮನಿರಲಿಲ್ಲ. ಇಲ್ಲಿ ನಮ್ಮ ಧರ್ಮಸಭೆಯ ಪಾತ್ರವೂ ಬರುತ್ತದೆ. ಅದರಲ್ಲಿ ಹೆಮ್ಮೆಯೂ ಇದೆ, ಸಂಕಟವೂ ಇದೆ.

1980ರಲ್ಲಿ ಕೇರಳ ಕಡಲ ಮೀನುಗಾರಿಕೆ ನಿಯಂತ್ರಣ ಕಾನೂನು ಬಂತು. ತೀರದ ಹತ್ತಿರ ಯಾಂತ್ರಿಕ ಬೋಟು ಬರಬಾರದು ಎಂದಿತು. ಕಾಗದದ ಮೇಲೆ ಸರಿಯಾಗಿತ್ತು. ಆದರೆ ಕಡಲಲ್ಲಿ ಗೆರೆ ಎಳೆದವರು ಯಾರು, ಕಾಯುವವರು ಯಾರು? ಮಳೆಗಾಲದಲ್ಲಾದರೂ ಟ್ರಾಲಿಂಗ್ ಪೂರ್ತಿ ನಿಲ್ಲಿಸಿ ಎಂದು ಸಾಂಪ್ರದಾಯಿಕ ಮೀನುಗಾರರ ಸಂಘಟನೆಗಳು ಬೀದಿಗಿಳಿದವು. ರಿಡೆಂಪ್ಟರಿಸ್ಟ್ ಸಭೆಯ ಫಾದರ್ ಥಾಮಸ್ ಕೊಚ್ಚೇರಿಯವರು ಇದೇ ಬೇಡಿಕೆಗಾಗಿ ಉಪವಾಸ ಕುಳಿತರು. 1984ರ ಚಳವಳಿಯಲ್ಲಿ ಸಿಸ್ಟರ್ ಆಲಿಸ್ ಅವರು ಉಪವಾಸ ಮಾಡಿದರು. ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸರಿಗೆ ಬಸ್ಸಿನಲ್ಲಿ ಜಾಗ ಕೊಡಿ ಎಂಬ ಹೋರಾಟವೂ ಆ ಕಾಲದ್ದೇ. ಕನ್ಯಾಸ್ತ್ರೀಯರು ರಸ್ತೆಯಲ್ಲಿ ಕೂತದ್ದನ್ನು ಒಪ್ಪಿದವರಿದ್ದರು, ಮೂಗು ಮುರಿದವರೂ ಇದ್ದರು.

ಸಂಕಟ ಯಾವುದೆಂದರೆ, ಎರಡೂ ಕಡೆಯವರು ಒಂದೇ ಬಲಿಪೂಜೆಗೆ ಬರುತ್ತಿದ್ದವರು. ಶಕ್ತಿಕುಳಂಗರದ ಟ್ರಾಲ್ ಬೋಟು ಮಾಲೀಕರಲ್ಲಿ ಬಹಳ ಮಂದಿ ಲ್ಯಾಟಿನ್ ಕಥೋಲಿಕರು. ತಿರುವನಂತಪುರ, ಆಲಪ್ಪುಳ ತೀರದಲ್ಲಿ ಬಲೆ ಹರಿದುಕೊಂಡು ಕೂತ ದೋಣಿಯವರಲ್ಲೂ ಬಹಳ ಮಂದಿ ಅದೇ ಲ್ಯಾಟಿನ್ ಕಥೋಲಿಕರು. ಧರ್ಮಾಧ್ಯಕ್ಷರುಗಳಿಗೆ ಮಾತಾಡುವುದು ಸುಲಭವಿರಲಿಲ್ಲ. ಇದನ್ನು ಮುಚ್ಚಿಟ್ಟು "ಧರ್ಮಸಭೆ ಬಡವರ ಜೊತೆ ನಿಂತಿತು" ಎಂದಷ್ಟೇ ಹೇಳಿದರೆ ಅರ್ಧ ಸತ್ಯವಾದೀತು. ಕೆಲವರು ನಿಂತರು. ಕೆಲವರು ಸಮಾಧಾನ ಹೇಳಿದರು. ಕೆಲವರು ಮೌನವಾಗಿದ್ದರು.

ಸರ್ಕಾರ ಸಮಿತಿಯ ಮೇಲೆ ಸಮಿತಿ ಮಾಡಿತು. 1981ರ ಬಾಬು ಪಾಲ್ ಸಮಿತಿಯಲ್ಲಿ ಒಮ್ಮತವಾಗಲಿಲ್ಲ. ಆಮೇಲೆ ಬಂದ ಕಲಾವಾರ್ ಸಮಿತಿಯು ನಿಷೇಧಕ್ಕಿಂತ ಮುಖ್ಯವಾದದ್ದು ಬೋಟುಗಳ ಸಂಖ್ಯೆ, ಟ್ರಾಲ್ ಬೋಟುಗಳನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ ಎಂದಿತು. ಅದನ್ನು ಯಾರೂ ಮುಟ್ಟಲಿಲ್ಲ. ಕೊನೆಗೆ ಬಾಲಕೃಷ್ಣನ್ ನಾಯರ್ ಸಮಿತಿಯ ಸಲಹೆಯಂತೆ 1988ರಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ ಜಾರಿಗೆ ಬಂತು. ಮೊದಮೊದಲು ದಿನಗಳ ಲೆಕ್ಕ ವರ್ಷ ವರ್ಷವೂ ಬದಲಾಗುತ್ತಿತ್ತು. ಬೋಟಿನವರು ಕೋರ್ಟಿಗೆ ಹೋಗುತ್ತಿದ್ದರು. ಕರಾವಳಿ ನೀರಿನಲ್ಲಿ ಪರ್ಸ್ ಸೀನ್ ಮುಂತಾದ ದೊಡ್ಡ ಬಲೆಗಳನ್ನು ಕೇರಳ ನಿಷೇಧಿಸಿದ್ದನ್ನು ಸುಪ್ರೀಂ ಕೋರ್ಟು 1993ರಲ್ಲಿ ಎತ್ತಿಹಿಡಿಯಿತು. ಕೆಲವರ ವ್ಯಾಪಾರದ ಹಕ್ಕಿಗಿಂತ ಬಹಳ ಮಂದಿ ಬಡ ಮೀನುಗಾರರ ಹೊಟ್ಟೆಪಾಡು ದೊಡ್ಡದು ಎಂಬುದು ಆ ತೀರ್ಪಿನ ಸಾರ.

ಆಫೀಸಿನಲ್ಲಿ ಕೂತವರಿಗೆ ಹೊಳೆದದ್ದನ್ನು ಮೀನುಗಾರರ ಮೇಲೆ ಹೇರಿದರು ಎಂದು ಇಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಇದನ್ನು ಕೇಳಿ, ಕಾದು, ಹಸಿದು ಪಡೆದವರು ಕಡಲಿಗೆ ಹೋಗುವವರೇ.

ಹಾಗಾದರೆ ಮೀನು ಹೆಚ್ಚಾಗಬೇಕಿತ್ತಲ್ಲ? ಬೂತಾಯಿಯ ಲೆಕ್ಕ ನೋಡಿ. ಮಲಯಾಳದ ಮತ್ತಿ, ಕೊಂಕಣಿಯ ತಾರ್ಲೆ, ಎಲ್ಲ ಒಂದೇ. ಕೊಚ್ಚಿಯಲ್ಲಿರುವ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಪ್ರತಿ ವರ್ಷ ದಕ್ಕೆಗಳಲ್ಲಿ ಇಳಿದ ಮೀನಿನ ಅಂದಾಜು ಮಾಡುತ್ತದೆ. 2012ರಲ್ಲಿ ಕೇರಳದಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತು. 2016ರಲ್ಲಿ 46 ಸಾವಿರ ಟನ್. 2021ರಲ್ಲಿ ಕೇವಲ 3,297 ಟನ್. ನೂರು ಸಿಗುತ್ತಿದ್ದಲ್ಲಿ ಒಂದೂ ಸಿಗಲಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ. ಬಡವರ ಮೀನು ಎನ್ನುವ ಬೂತಾಯಿಗೆ ಬಂಗುಡೆಗಿಂತ ಹೆಚ್ಚು ಬೆಲೆ ಬಂದ ದಿನಗಳಿದ್ದವು. ಒಮಾನಿನ ಬೂತಾಯಿ ಪೆಟ್ಟಿಗೆಯಲ್ಲಿ ಬಂತು. ಮರುವರ್ಷ ಮತ್ತೆ ಒಂದು ಲಕ್ಷ ಟನ್ ದಾಟಿತು. ಹೀಗೆ ಏಳುವುದು ಬೀಳುವುದು ಬೂತಾಯಿಯ ಸ್ವಭಾವ. ಕಡಲು ಬಿಸಿಯಾಗುವುದು, ಎಲ್ ನಿನೋ, ಮಳೆಯ ಏರುಪೇರು ಅದಕ್ಕೆ ದೊಡ್ಡ ಕಾರಣ. ಅದು ಯಾವ ಸರ್ಕಾರದ ಕೈಯಲ್ಲೂ ಇಲ್ಲ. ಆದರೆ ಬೀಳುವ ಹೊತ್ತಿನಲ್ಲಿ ತಾಯಿಮೀನನ್ನೂ ಮರಿಯನ್ನೂ ಒಟ್ಟಿಗೆ ಬಾಚಿದ್ದರಿಂದ ಬಿದ್ದದ್ದು ಏಳಲು ವರ್ಷಗಳೇ ಹಿಡಿದವು ಎಂದು ವಿಜ್ಞಾನಿಗಳು ಹೇಳುತ್ತಾರೆ. ಅದು ನಮ್ಮ ಕೈಯಲ್ಲಿದ್ದದ್ದು.

ಬಾಚಿದವರು ಯಾರು? ಇಲ್ಲಿ ನಮ್ಮ ಹಳೆಯ ಕಥೆ ಸ್ವಲ್ಪ ಕೆಡುತ್ತದೆ. ಟ್ರಾಲ್ ಬೋಟಿನವರು ಮಾತ್ರ ಅಲ್ಲ. ನಿಷೇಧದ ದಿನಗಳಲ್ಲಿ ಸಾಂಪ್ರದಾಯಿಕ ದೋಣಿಗಳಿಗೆ ಮೇಲ್ನೀರಿನ ಮೀನು ಹಿಡಿಯಲು ಅನುಮತಿಯಿದೆ. 2007ರಲ್ಲಿ ಕೇರಳ ಇದಕ್ಕಾಗಿಯೇ ಒಂದು ಕಾನೂನು ಮಾಡಿತು. ಗಡಿಯಾಚೆ ಕರ್ನಾಟಕದಲ್ಲೂ 10 ಅಶ್ವಶಕ್ತಿಯೊಳಗಿನ ಎಂಜಿನ್ನಿನ ನಾಡದೋಣಿಗೆ ಅವಕಾಶವಿದೆ. ಹೊಟ್ಟೆಪಾಡಿನ ಪ್ರಶ್ನೆ, ನ್ಯಾಯವೇ. ಆದರೆ 1980ರ ದಶಕದಲ್ಲಿ ಕೇರಳದ ದೋಣಿಯವರು ಟ್ರಾಲ್ ಬೋಟಿಗೆ ಉತ್ತರವಾಗಿ ರಿಂಗ್ ಸೀನ್ ಎಂಬ ಸುತ್ತುಬಲೆ ಹಿಡಿದರು. ಮೊದಲು ಸಣ್ಣದು. ಆಮೇಲೆ ಬಲೆ ಬೆಳೆಯಿತು, ಎಂಜಿನ್ ಬೆಳೆಯಿತು. ಇಂದು ಕೆಲವು ರಿಂಗ್ ಸೀನ್ ವಳ್ಳಗಳು 20 ಮೀಟರಿಗಿಂತ ಉದ್ದ, ಬಲೆ ಒಂದು ಕಿ.ಮೀ. ಸುತ್ತಳತೆಯದ್ದು. ಹೆಸರು ಮಾತ್ರ ಈಗಲೂ "ಸಾಂಪ್ರದಾಯಿಕ". ಅದೇ ತೀರದಲ್ಲಿ ಒಬ್ಬನೇ ಹೋಗಿ ಕೈಬಲೆ ಬಿಡುವವನಿಗೆ ಅದೇ ಹೆಸರು, ಅದೇ ರಿಯಾಯಿತಿ. ಹೆಸರು ನೋಡಿ ಬಡವ ಯಾರು ಎಂದು ತೀರ್ಮಾನಿಸುವ ಕಾಲ ಹೋಯಿತು ಎಂದು ನನಗೆ ಅನ್ನಿಸುತ್ತದೆ.

ಆದ್ದರಿಂದ ದಿನ ಎಣಿಸಿದರೆ ಸಾಲದು, ಮೀನನ್ನೂ ಅಳೆಯಬೇಕು ಎಂಬಲ್ಲಿಗೆ ಸರ್ಕಾರ ಬಂತು. ಕೇರಳ 2015ರಲ್ಲಿ 14 ಜಾತಿ ಮೀನುಗಳಿಗೆ ಕನಿಷ್ಠ ಅಳತೆ ಗೊತ್ತುಪಡಿಸಿತು. ಆಮೇಲೆ ಅದನ್ನು 58 ಜಾತಿಗಳಿಗೆ ವಿಸ್ತರಿಸಿತು. ಬೂತಾಯಿ 10 ಸೆಂ.ಮೀ., ಬಂಗುಡೆ 14 ಸೆಂ.ಮೀ. ಇದಕ್ಕಿಂತ ಸಣ್ಣದನ್ನು ಹಿಡಿದು ತಂದರೆ ದಂಡ. ಆದರೆ ಕೇರಳದ ನಿಯಮ ಕೇರಳದ ದಕ್ಕೆಯಲ್ಲಿ ಮಾತ್ರ ನಡೆಯುತ್ತದೆ. ಮರಿಮೀನಿಗೆ ಅಡುಗೆಮನೆಯಲ್ಲಿ ಗಿರಾಕಿ ಸಿಗದಿದ್ದರೂ ಮೀನಿನ ಹುಡಿ ಮಾಡುವ ಕಾರ್ಖಾನೆಗಳಿವೆ. ಅಲ್ಲಿ ಲೆಕ್ಕ ತೂಕದ್ದು, ಉದ್ದದ್ದಲ್ಲ. ಮಂಜೇಶ್ವರದಿಂದ ಮಂಗಳೂರಿಗೆ ಒಂದು ಗಂಟೆಯ ದಾರಿಯೂ ಇಲ್ಲ. ಎರಡು ರಾಜ್ಯಗಳು ಒಂದೇ ಅಳತೆ, ಒಂದೇ ದಿನಾಂಕ ಇಟ್ಟುಕೊಳ್ಳದೆ ಗಡಿಯ ನಮ್ಮ ಕಡಲಿಗೆ ಈ ಕಾನೂನು ಪೂರ್ತಿ ತಲುಪುವುದಿಲ್ಲ. ಇದನ್ನು ಹೇಳುವ ಹಕ್ಕು ಎರಡೂ ಕಡೆಯ ಭಾಷೆ ಬಲ್ಲ ನಮ್ಮಂಥವರಿಗೆ ಇದೆ. ಹೇಳಿದ್ದೇವೆಯೇ?

ಇನ್ನೊಂದು ವಿಷಯ. ಬೋಟು ನಿಂತಾಗ ಕೂಲಿಯೂ ನಿಲ್ಲುತ್ತದೆ. ಬೋಟಿನ ಕೆಲಸಗಾರರಲ್ಲಿ ಅನೇಕರು ತಮಿಳುನಾಡು, ಒಡಿಶಾ, ಬಂಗಾಳದವರು. ಅವರು ರೈಲು ಹತ್ತುತ್ತಾರೆ. ಊರಿನ ಮೀನುಗಾರರಿಗೆ ಉಳಿತಾಯ ಮತ್ತು ಪರಿಹಾರ ಯೋಜನೆ ಇದೆ. ಅವರು 1,500 ರೂಪಾಯಿ ಕಟ್ಟಿದರೆ ಸರ್ಕಾರದ ಕಡೆಯಿಂದ 3,000 ಸೇರಿ ಒಟ್ಟು 4,500 ರೂಪಾಯಿ, ಮೂರು ತಿಂಗಳಿಗೆ. ತಿಂಗಳಿಗೆ 1,500, ಅದರಲ್ಲಿ 500 ಅವರದೇ. ಬೋಟಿನ ಕೆಲಸಗಾರರಿಗೂ ಸಿಗಡಿ ಸಿಪ್ಪೆ ತೆಗೆಯುವ ಹೆಂಗಸರಿಗೂ ಕೇರಳ ಉಚಿತ ರೇಷನ್ ಕೊಡುತ್ತದೆ. ಅಕ್ಕಿ ಸಿಕ್ಕಿತು ಅನ್ನೋಣ. ಶಾಲೆ ಶುರುವಾಗುವ ತಿಂಗಳಲ್ಲಿ ಮಕ್ಕಳ ಪುಸ್ತಕ, ಕೊಡೆ, ಚೀಲ? ಕಡಲನ್ನು ಉಳಿಸುವ ಖರ್ಚನ್ನು ಹೆಚ್ಚಾಗಿ ಹೊರುವವರು ಇವರು. ಅದರ ಫಲ ಆಗಸ್ಟಿನಲ್ಲಿ ಎಲ್ಲರ ತಟ್ಟೆಗೂ ಬರುತ್ತದೆ. ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪರಿಪತ್ರದ 48ನೇ ಪರಿಚ್ಛೇದದಲ್ಲಿ ಇದೇ ಮಾತನ್ನು ಮುಟ್ಟಿದ್ದಾರೆ: ಮೀನಿನ ಸಂಪತ್ತು ಬರಿದಾದಾಗ ಮೊದಲು ಬೀಳುವವರು ಬೇರೆ ದಾರಿಯಿಲ್ಲದ ಸಣ್ಣ ಮೀನುಗಾರ ಸಮುದಾಯಗಳು.

ಕೂಟದಲ್ಲಿ ಓದಲು ಧರ್ಮೋಪದೇಶಕಾಂಡ 22:6-7 ತೆಗೆದುಕೊಳ್ಳಿ. ದಾರಿಯಲ್ಲಿ ಹಕ್ಕಿಯ ಗೂಡು ಸಿಕ್ಕಿದರೆ ಮರಿಗಳನ್ನು ತೆಗೆದುಕೊಳ್ಳಬಹುದು, ತಾಯಿಯನ್ನು ಬಿಟ್ಟುಬಿಡಬೇಕು ಎಂಬ ಸಣ್ಣ ನಿಯಮ ಅದು. ತಿನ್ನಬೇಡಿ ಎಂದು ಅದು ಹೇಳುವುದಿಲ್ಲ. ಗೂಡು ಖಾಲಿ ಮಾಡಬೇಡಿ ಎನ್ನುತ್ತದೆ. ಮೀನಿನ ವಿಷಯದಲ್ಲಿ ತಾಯಿಯ ಜೊತೆ ಮರಿಯನ್ನೂ ಬಿಡಬೇಕಾಗುತ್ತದೆ. ಏಕೆಂದರೆ ಮರಿ ಬೆಳೆದು ಒಮ್ಮೆಯಾದರೂ ಮೊಟ್ಟೆಯಿಡದೆ ಮುಂದಿನ ವರ್ಷದ ಗೂಡೇ ಇರುವುದಿಲ್ಲ. ನಮ್ಮ ದಾರಿಯಲ್ಲಿ ಸಿಗುವ ಗೂಡು ಮೀನಿನ ಬುಟ್ಟಿ ಎಂದುಕೊಂಡು ಈ ವಾಕ್ಯವನ್ನು ಇನ್ನೊಮ್ಮೆ ಓದಿ.

ಬಳಿಕ ಮಾತಾಡಿ. ತಪಸ್ಸು ಕಾಲದ ಶುಕ್ರವಾರಗಳಲ್ಲಿ ಮಾಂಸ ಬಿಟ್ಟು ಮೀನು ತರುತ್ತೇವಲ್ಲ, ಆ ದಿನ ನಾವು ಬಿಟ್ಟದ್ದು ಏನು? ನಮ್ಮ ವಾರ್ಡಿನಲ್ಲಿ ಮೀನು ಮಾರುವ ಅಥವಾ ದಕ್ಕೆಯಲ್ಲಿ ದುಡಿಯುವ ಕುಟುಂಬ ಯಾವುದು, ಯಾವ ಮತದವರೇ ಆಗಿರಲಿ, ಜೂನ್ ಜುಲೈಯಲ್ಲಿ ಅವರ ಮನೆ ಹೇಗೆ ನಡೆಯುತ್ತದೆ ಎಂಬುದು ನಮಗೆ ಗೊತ್ತಿದೆಯೇ? ಪರಿಹಾರದ ಅರ್ಜಿಯನ್ನು ಮಲಯಾಳದಲ್ಲಿ ತುಂಬಲು ಕಷ್ಟಪಡುವ ಕನ್ನಡ, ತುಳು ಮನೆಯವರಿದ್ದರೆ ನಮ್ಮ ಯುವಜನರು ಅರ್ಧ ದಿನ ಕೂತು ಬರೆದುಕೊಡಬಹುದೇ?

ಅಳತೆಗೆ ಸ್ಕೇಲು ಹುಡುಕಬೇಡಿ. ನೇರಳೆ ಬಣ್ಣದ ಹೊಸ ನೂರು ರೂಪಾಯಿ ನೋಟಿನ ಉದ್ದ 14.2 ಸೆಂ.ಮೀ. ಮೂತಿಯಿಂದ ಬಾಲದ ತುದಿಯವರೆಗೆ ಬಂಗುಡೆ ಆ ನೋಟಿನಷ್ಟಾದರೂ ಇರಬೇಕು. ಹೊಸ ಹತ್ತರ ನೋಟು 12.3 ಸೆಂ.ಮೀ.; ಬೂತಾಯಿ ಅದಕ್ಕಿಂತ ಎರಡು ಸೆಂ.ಮೀ.ಗಿಂತ ಹೆಚ್ಚು ಗಿಡ್ಡ ಇರಬಾರದು. ಹೇಗೂ ಮೀನು ಕೊಳ್ಳುವಾಗ ಕೈಯಲ್ಲಿ ನೋಟು ಇರುತ್ತದೆ. ಕೊಡುವ ಮೊದಲು ಪಕ್ಕದಲ್ಲಿ ಹಿಡಿದು ನೋಡಿ. ನಾನು ಮೀನಿನ ಅಕ್ಕನ ಎದುರಿಗೆ ಹೀಗೆ ಹಿಡಿದಾಗ ಅವರು ನಕ್ಕುಬಿಟ್ಟರು. "ಇದನ್ನು ದಕ್ಕೆಯಲ್ಲಿ ಬಂದು ಹೇಳಿ ಮಾಸ್ಟ್ರೇ, ನಾನು ಅಲ್ಲಿ ಕೊಟ್ಟದ್ದನ್ನೇ ತರುವವಳು," ಎಂದರು. ಆದರೆ ಮರುವಾರ ಬಂದಾಗ ಬುಟ್ಟಿ ಇಳಿಸುವ ಮೊದಲೇ, "ಇವತ್ತು ನಿಮ್ಮ ನೋಟಿಗೆ ಸಾಲುವಷ್ಟು ಉಂಟು," ಎಂದು ದೂರದಿಂದಲೇ ಕೂಗಿ ಹೇಳಿದರು.